ಖಲಬತ್ತದ ಕಬ್ಬಿಣ

ರಾಮದುರ್ಗ
೧೭ ಜುಲೈ ೨೦೦೪

ನನ್ನ ಅವ್ವಗೆ,

ಮೊಣಕಾಲು ನೋವು ಹೇಗಿದೆ? ಸವದತ್ತಿಗೆ ಹೋದಮೇಲೆ ಒಂದು ಹೊತ್ತು ಉಣ್ಣುತ್ತೀ, ಒಂದು ಹೊತ್ತು ಬಿಡುತ್ತೀ ಎಂದು ತಂಗಿ ಶೈಲಜಾ ಫೋನಿನಲ್ಲಿ ಹೇಳಿದಳು. ಮಗಳ ಮನೆಯಲ್ಲಿದ್ದು ಹೀಗೆ ಮಾಡಿದರೆ ಅಳಿಯ ಏನಂದುಕೊಂಡಾನು? ಅಪ್ಪ ಆರಾಮ ಇದ್ದಾನೆ. ನಾನೂ ಇದ್ದೇನೆ. ಅಳು ಬರುತ್ತಿಲ್ಲ, ಸಿಟ್ಟೂ ಇಲ್ಲ. ರೊಟ್ಟಿ ಬಡಿಯುತ್ತೇನೆ, ಉಣ್ಣುತ್ತೇನೆ, ರುಚಿ ಮಾತ್ರ ಗೊತ್ತಾಗುವುದಿಲ್ಲ.

ನನ್ನ ಪಿಎಚ್.ಡಿ. ಸುದ್ದಿಯನ್ನು ನಿನಗೆ ಯಾರೂ ಸರಿಯಾಗಿ ಬಿಡಿಸಿ ಹೇಳಿಲ್ಲ. ಸತುವಿನ ಆಕ್ಸೈಡಿಗೆ ಚಿಟಿಕೆ ಮ್ಯಾಂಗನೀಸ್ ಬೆರೆಸಿ, ಅರೆದು, ಸುಟ್ಟು, ಅದರೊಳಗೆ ಪರಮಾಣುಗಳು ಹೇಗೆ ಸಾಲಾಗಿ ಕೂತಿವೆ, ಅಯಸ್ಕಾಂತ ಆ ಪುಡಿಯನ್ನು ಸೆಳೆಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಸೆಳೆಯಿತು. ನನ್ನ ಗೈಡ್ ಸರ್ ಪೇಡೆ ಹಂಚಿದರು. ಎಕ್ಸ್-ರೇಯಲ್ಲಿ ಸಾಲುಗಳೂ ಚೊಕ್ಕವಾಗಿದ್ದವು. ಆಮೇಲೆ ಪುಡಿಯನ್ನು ಬೇರೆ ಕಡೆ ಪರೀಕ್ಷೆಗೆ ಕಳಿಸಿದರೆ, ಎಕ್ಸ್-ರೇಗೆ ಕಾಣದಷ್ಟು ಕಬ್ಬಿಣ ಸಿಕ್ಕಿತು. ಅಯಸ್ಕಾಂತ ಸೆಳೆದದ್ದು ಆ ಕಬ್ಬಿಣವನ್ನು. ನನ್ನ ಪ್ರಬಂಧ ನಿಂತದ್ದೇ ಆ ಪುಡಿಯ ಮೇಲೆ. ನಾಲ್ಕು ವರ್ಷದ ಕೆಲಸ ಇನ್ನು ಮೊದಲಿನಿಂದ.

ಹೋದ ವರ್ಷ ಬೇಸಿಗೆ ರಜೆಗೆ ಬಂದಾಗ ಆ ಪುಡಿಯನ್ನೂ, ಅದನ್ನು ಅರೆಯಲು ಲ್ಯಾಬಿನ ಅಗೇಟ್ ಕಲ್ಲಿನ ಪುಟ್ಟ ಒರಳನ್ನೂ ತಂದಿದ್ದೆನಲ್ಲ. “ಈ ಕುಂಕುಮದ ಬಟ್ಟಲದಾಗ ಎಷ್ಟಂತ ತಿರುವತೀ, ಕೈ ಸೇದತಾವ ಬಿಡು” ಎಂದಿದ್ದೆ ನೀನು. ನನಗೆ ಜ್ವರ ಬಂದ ದಿನ ನೀನು ಪುಡಿಯನ್ನೆಲ್ಲ ನಮ್ಮ ಕಬ್ಬಿಣದ ಖಲಬತ್ತಕ್ಕೆ ಸುರಿದು ಕುಟ್ಟಿಕೊಟ್ಟೆ. ಓಣಿಯ ಬಾಣಂತಿಯರಿಗೆಲ್ಲ ಖಾರ ಕುಟ್ಟಿಕೊಟ್ಟ ಕೈ ನಿನ್ನದು, ಅರ್ಧ ತಾಸಿನಲ್ಲಿ ಮುಗಿಸಿದೆ.

ಈಗ ಲ್ಯಾಬಿನಲ್ಲಿ ಅದೇ ಮಾತು. ಯಾರೂ ಕೆಟ್ಟದ್ದಾಗಿ ಆಡುವುದಿಲ್ಲ, ನಗುತ್ತಾರೆ ಅಷ್ಟೆ. ನೀನು ಖಲಬತ್ತವನ್ನು ಪಕ್ಕದ ಮನೆಯ ಲಗಮವ್ವನಿಗೆ ಕೊಟ್ಟು, “ಕೈಯಾರೆ ಮಗಳ ಓದು ಹಾಳ ಮಾಡೇನಿ” ಎಂದು ಬಸ್ಸು ಹತ್ತಿದೆಯಂತೆ. ಹಾಗನ್ನಬೇಡ ಅವ್ವಾ. ಹೊಟ್ಟೆತುಂಬ ಉಣ್ಣು.

ಶೈಲಜಾಳ ಮಕ್ಕಳಿಗೆ ದೊಡ್ಡವ್ವ ಕೇಳಿದಳೆಂದು ಹೇಳು.

ನಿನ್ನ ಮಗಳು
ಅನ್ನಪೂರ್ಣಾ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು. ಇದನ್ನು ಶೈಲಜಾಳಿಂದ ಓದಿಸಬೇಡ, ನಿಧಾನಕ್ಕೆ ನೀನೇ ಓದು. ಆವತ್ತು ನೀನು ಕುಟ್ಟುವಾಗ ನಾನು ಎದ್ದು ಬಂದಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಕಬ್ಬಿಣ ಸೇರಬಾರದೆಂದು ನನಗೆ ಗೊತ್ತಿತ್ತು. ಬೇಡ ಎಂದರೆ ಹೊಸ ಪುಡಿ ಕಲಸಿ ಮತ್ತೆ ಮೂರು ದಿನ ಅರೆಯಬೇಕಲ್ಲ ಎಂದು ಸುಮ್ಮನೆ ಹೋಗಿ ಮಲಗಿದೆ. ಸರ್ ಕೇಳಿದಾಗ ನಿನ್ನ ಹೆಸರು ಹೇಳಿದೆ.