ಮೇಷ್ಟರ ಮೇಲಿನ ದೂರು

೧೬-೨-೧೯೪೩, ಮಂಗಳವಾರ. ಮಂಡ್ಯ.

ಬಡಗಿ ಮೇಷ್ಟರ ಮೇಲೆ ನಾವು ಕೊಟ್ಟ ದೂರನ್ನು ವಿಚಾರಿಸಲು ಬಂದ ಸಾಹೇಬರು ಅದನ್ನು ಮೇಷ್ಟರ ಕೈಗೇ ಕೊಟ್ಟು ಓದಿಸಿದರು. ಎಂಥ ಜಾಣರು! ಸರ್ಕಾರದ ಖರ್ಚಿನಲ್ಲಿ ಮರಗೆಲಸ ಕಲಿಸುತ್ತೇವೆಂದು ಕರೆಸಿಕೊಂಡು, ಹೊಲಗೇರಿಯವರೆಂದು ನನ್ನನ್ನೂ ಮುದ್ದಯ್ಯನನ್ನೂ ನಾಲ್ಕು ತಿಂಗಳಿಂದ ಜಗಲಿಯಲ್ಲಿ ಕೂರಿಸಿದ್ದಾರೆ. ಉಳಿ ಮುಟ್ಟುವಂತಿಲ್ಲ, ಮರದ ಹೊಟ್ಟು ಗುಡಿಸಬಹುದು.

ಮೇಷ್ಟರು ಓದಿ ನಾಚಲಿಲ್ಲ. ನನ್ನ ಎರಡು ಕಾಗುಣಿತದ ತಪ್ಪು ತೋರಿಸಿ ನಕ್ಕರು. ಸಾಹೇಬರೂ ನಕ್ಕರು.

"ದೂರು ವಾಪಸ್ ತಗೊಂಡೆ ಅಂತ ರುಜು ಹಾಕಿ. ಇಬ್ಬರಿಗೂ ಸರ್ಟಿಫಿಕೇಟು ಕೊಡಿಸ್ತೀನಿ," ಎಂದರು ಸಾಹೇಬರು.

"ಆಕ್ಬುಡ್ಲಾ, ಕಾಗ್ದನಾರ ಸಿಕ್ಕತದೆ," ಎಂದು ಪಿಸುಗುಟ್ಟಿ ಮುದ್ದಯ್ಯ ಹಾಕಿಯೇಬಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ.

ನಾನು ಪೆನ್ನು ಮುಟ್ಟಲಿಲ್ಲ.

"ಯಾಕಯ್ಯಾ, ಇಲ್ಲಿ ನೀನು ಏನೂ ಕಲೀಲೇ ಇಲ್ವಾ?" ಎಂದು ಸಾಹೇಬರು ಕೇಳಿದರು.

"ಕಲ್ತೆ ಸ್ವಾಮಿ, ಕಸ ಗುಡ್ಸಾದ. ಸರ್ಟಿಪಿಕೇಟ್ನಲ್ಲಿ ಅದ್ನೇ ಬರ್ದ್ಕೊಡ್ತೀರಾ?"

ಆಗ ಯಾರೂ ನಗಲಿಲ್ಲ. ಸಂಜೆಯೊಳಗೆ ಹಾಜರಿ ಪುಸ್ತಕದಿಂದ ನನ್ನ ಹೆಸರು ಹೊಡೆದುಹಾಕಿದರು. ನಮ್ಮೂರು ಹನಕೆರೆಗೆ ಹೋಗಿ ಅವ್ವನಿಗೆ ಏನು ಹೇಳುವುದೋ ತಿಳಿಯದು. ಹೆಸರು ಹೊಡೆದದ್ದಕ್ಕೆ ಮೈಸೂರಿನ ದೊಡ್ಡ ಕಚೇರಿಗೆ ಇನ್ನೊಂದು ದೂರು ಬರೆಯಬಹುದಂತೆ. ಆದರೆ ಅದನ್ನು ಇದೇ ಸಾಹೇಬರ ಮೂಲಕವೇ ಕಳಿಸಬೇಕಂತೆ. ಥೂ, ಇವರ...