ಸೈತಾನನ ಬಾಗಿಲು

ನಾರ್ಫೋಕ್, ಮಂಗಳವಾರ

ನನ್ನ ಮಡದಿಗೆ,

ಇಲ್ಲಿನ ಹಳೆಯ ಚರ್ಚಿನ ಗೋಡೆ ಮಾರು ದಪ್ಪವಿದೆ. ಚಳಿಗಾಳಿ ನುಗ್ಗುತ್ತದೆಂದು ಅದರ ಉತ್ತರದ ಬಾಗಿಲನ್ನು ಕಲ್ಲು ಕಟ್ಟಿ ಮುಚ್ಚಲು ಪಾದ್ರಿ ನನಗೆ ಹೇಳಿದ್ದಾರೆ. ಕಸ ಗುಡಿಸುವ ಮುದುಕಿ ಕೆಜಾಯ ಅಡ್ಡ ನಿಂತಳು. “ದೀಕ್ಷಾಸ್ನಾನದಲ್ಲಿ ಮಗು ಅತ್ರೆ ಸೈತಾನ ಹೊರಟ ಅಂತ. ಈ ಬಾಗಿಲು ಮುಚ್ಚಿದ್ರೆ ಎಲ್ಲಿಂದ ಹೋಗ್ಬೇಕಯ್ಯಾ ಅವ್ನು, ನಿನ್ ತಲೆ ಮೇಲಿಂದಾನಾ?” ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನೆನಪಾಯಿತು: ನಮ್ಮೂರ ಚರ್ಚಿನಲ್ಲಿ ಆ ಬಾಗಿಲನ್ನು ಅಜ್ಜನ ಕಾಲದಲ್ಲೇ ಮುಚ್ಚಿದ್ದಾರೆ.

ನನ್ನ ಕೆಮ್ಮು ಇಳಿದಿದೆ. ಭಾನುವಾರ ತಲೆಗೆ ನೀರು ಬಿದ್ದಾಗ ನಮ್ಮ ಕೂಸು ಅತ್ತಳೇ? ಜೋರಾಗಿ ಅತ್ತಳೇ? ಕೂಡಲೇ ತಿಳಿಸು. ಪಾದ್ರಿ ದಿನವೂ ಬಂದು ಗೊಣಗುತ್ತಿದ್ದಾರೆ. ಗೊಣಗಲಿ, ನಿನ್ನ ಕಾರ್ಡು ಕೈಸೇರುವವರೆಗೆ ನಾನು ಒಂದು ಕಲ್ಲನ್ನೂ ಇಡುವುದಿಲ್ಲ.

ಅಬ್ನರ್