ಸಕ್ಕರೆ ಹಾಕಿದ ಕಾಫಿ

ನದೀಮಣ್ಣ,

ಯುದ್ಧದ ಕಾಲದಲ್ಲಿ ಬೈರೂತ್ ರಸ್ತೆಯಲ್ಲಿ ಬಸ್ಸು ತಡೆದು ನಿನ್ನನ್ನು ಇಳಿಸಿಕೊಂಡು ಹೋದನಲ್ಲ, ಆ ಶೌಕಿ ಇವತ್ತು ನಮ್ಮ ಮನೆಗೆ ಬಂದಿದ್ದ. ತಲೆಯೆಲ್ಲ ನರೆತಿದೆ. ನಮ್ಮೂರಿಗೂ ಅವನೂರಿಗೂ ರಾಜಿ ಮಾಡಿಸಲು ಹಿರಿಯರಾದ ಅಬು ಗಾಲಿಬ್ ಅವನನ್ನು ಕರೆತಂದಿದ್ದರು.

ಅಮ್ಮ ಕಾಫಿ ಕೊಟ್ಟಳು, ಸಕ್ಕರೆ ಹಾಕಿಯೇ. ಕಹಿ ಕಾಫಿ ಸಾವಿನ ಮನೆಯದು ಎಂದು, ಸಕ್ಕರೆ ಕಾಯಿಲೆ ಬಂದ ಮೇಲೂ ಅವಳು ಸಿಹಿ ಬಿಟ್ಟಿಲ್ಲ. ಡಾಕ್ಟರು ಬೈದರೆ ನನಗೇ ಬೈಯುತ್ತಾಳೆ.

ಶೌಕಿ ಬಟ್ಟಲು ಮುಟ್ಟಲಿಲ್ಲ. ಬೇಡಲು ಬಂದವನು ಕೇಳಿದ್ದು ಸಿಗುವ ತನಕ ಕುಡಿಯುವಂತಿಲ್ಲವಲ್ಲ.

"ಕ್ಷಮಿಸಿಬಿಡು ತಾಯಿ, ಊರಿಗೆ ಶಾಂತಿ ಬರ್ಲಿ," ಎಂದರು ಅಬು ಗಾಲಿಬ್. "ಕಾನೂನೇ ಇವನಿಗೆ ಮಾಫಿ ಕೊಟ್ಟಿದೆ."

"ನನ್ ಮಗನ್ನ ಹೆತ್ತಿದ್ದು ಕಾನೂನಾ?" ಅಮ್ಮ ಶೌಕಿಯತ್ತ ತಿರುಗಿದಳು. "ಅವನೆಲ್ಲಿದಾನೆ ಅಂತ ತಿಳ್ಕೊಳ್ಳೋ ಹಕ್ಕು ನಂದು. ಅದನ್ನ ಕೊಡು. ಆಮೇಲೆ ಕುಡಿ."

ಕಾಫಿ ಆರಿತು. ಅವನು ಹೇಳುವುದೂ ಬೇಡ, ಹೇಳದಿರುವುದೂ ಬೇಡ ಅನ್ನಿಸುತ್ತಿತ್ತು ನನಗೆ.

"ಸುಣ್ಣದ ಗೂಡಿನ ಹಿಂದೆ, ಹಾಳುಬಾವೀಲಿ," ಎಂದ. "ಅವತ್ತೇ... ಸಂಜೆಯೊಳಗೇ."

ಅವತ್ತೇ! ಅಣ್ಣ, ಇಷ್ಟು ವರ್ಷ ಪ್ರತಿ ಈದ್‌ಗೂ ನಿನಗೊಂದು ಅಂಗಿ ಹೊಲಿಸಿಟ್ಟಿದ್ದೇವೆ.

ಅಮ್ಮ ಬಟ್ಟಲನ್ನು ಅವನತ್ತ ಸರಿಸಿದಳು. "ಕುಡಿಯಪ್ಪ," ಎಂದಳು. ಅವನು ಅಳುತ್ತಲೇ ಕುಡಿದ. ಹೊರಗೆ ಕಾಯುತ್ತಿದ್ದ ಎರಡೂ ಊರಿನವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಎಲ್ಲರೂ ಹೋದ ಮೇಲೆ ಅಮ್ಮ, "ನಂಗೂ ಒಂದು ಬಟ್ಟಲು ಮಾಡ್ಕೊಡೇ," ಎಂದಳು. ನಾನು ಎಂದಿನಂತೆ ಡಬ್ಬಕ್ಕೆ ಚಮಚ ಹಾಕಿದೆ.

"ಸಕ್ಕರೆ ಬೇಡ," ಎಂದಳು.